ಬೆಳೆಯಲ್ಲಿ ಬಸವನ ಪಾಲು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಡಾವಣೆಯಾಗುವ ಮೊದಲು ಬೆಂಗಳೂರಿನ ಬಸವನಗುಡಿ ಸುಂಕೇನಹಳ್ಳಿಯ ಹೊಲಗಳ ನೆಲವಾಗಿತ್ತು. ಅಲ್ಲಿ ಬಲಿತ ಕಡಲೆಕಾಯಿಯನ್ನು ಗೂಳಿಯೊಂದು ಬಂದು ಮೇಯುತ್ತಿತ್ತು, ಕಾದು ಕುಳಿತ ರೈತರು ಹೊಡೆದಾಗ ಅದು ಕಲ್ಲಾಯಿತು, ನೊಂದುಕೊಂಡ ರೈತರು ಮೊದಲ ಫಸಲನ್ನು ಅದಕ್ಕೇ ಒಪ್ಪಿಸತೊಡಗಿದರು ಎಂಬುದು ಐತಿಹ್ಯ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಇದರ ಮುಂದುವರಿಕೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆಯಾದ್ದರಿಂದ ಕಥೆ ಈ ರೂಪ ಪಡೆದದ್ದು ಬಹಳ ಹಿಂದೇನಲ್ಲ. ಅದು ಎತ್ತುವ ಪ್ರಶ್ನೆ ಮಾತ್ರ ಹಳೆಯದು: ಉತ್ತವನ ಬೆಳೆಯಲ್ಲಿ ಪ್ರಾಣಿಗೂ ಹಕ್ಕಿದೆಯೇ?

ಇದೆ ಎನ್ನುತ್ತದೆ ವೈದಿಕ ಪರಂಪರೆ. ಗೃಹಸ್ಥನ ಐದು ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಉಣ್ಣುವ ಮೊದಲು ಹಕ್ಕಿ, ಹುಳು, ಪಶುಗಳಿಗೆ ಅನ್ನ ತೆಗೆದಿಡಬೇಕು. ತನಗಾಗಿಯೇ ಅಡುಗೆ ಮಾಡಿಕೊಳ್ಳುವವನು ಉಣ್ಣುವುದು ಪಾಪವನ್ನೇ ಎಂದು ಗೀತೆಯ ಮೂರನೆಯ ಅಧ್ಯಾಯ ಹೇಳುತ್ತದೆ. ಜೈನರ ವಿಚಾರ ಇನ್ನೂ ಸೂಕ್ಷ್ಮ. ಅವರು ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದರು. ಮನೆಗೆಲಸದಲ್ಲಿ ಆಗುವ ಹಿಂಸೆ ಆರಂಭಿ, ಬೇಸಾಯದಲ್ಲಿ ತಪ್ಪಿಸಲಾಗದ್ದು ಉದ್ಯೋಗಿ, ಆತ್ಮರಕ್ಷಣೆಯದು ವಿರೋಧಿ, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕು. ಬೆಳೆ ಕಾಯುವುದು ಅಪರಾಧವಲ್ಲ, ಸೇಡು ಅಪರಾಧ ಎಂಬ ಗೆರೆಯನ್ನು ಇದರಿಂದ ಎಳೆಯಬಹುದು.

ಆದರೆ ಕಲ್ಲಿನ ಬಸವ ಮೇಯುವುದಿಲ್ಲ. ಜೀವಂತ ಪ್ರಾಣಿಯ ಎದುರು ಧರ್ಮ ಕಠಿಣವಾಗುತ್ತದೆ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಬನ್ನೇರುಘಟ್ಟದ ಅಂಚಿನಿಂದ ಕನಕಪುರದವರೆಗೆ ರಾಗಿ ತೆನೆಗಟ್ಟುವ ಕಾಲಕ್ಕೆ ರೈತರು ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಾರೆ. ಒಂದೇ ರಾತ್ರಿ ಹಿಂಡು ತುಳಿದ ಹೊಲವನ್ನು ದಾನವೆನ್ನಲಾಗದು. ದಾನಕ್ಕೆ ಕೊಡುವವನ ಮನಸ್ಸು ಬೇಕು. ಇಲ್ಲಿ ಇರುವುದು ನಷ್ಟ ಮಾತ್ರ. ಆನೆ ಉಳಿಯಲಿ ಎಂದು ಹಾರೈಸುವುದು ನಗರ, ಬೆಲೆ ತೆರುವುದು ಹಳ್ಳಿ. ಈ ಅನ್ಯಾಯವನ್ನು ಬದಿಗಿಟ್ಟು ಸಹಬಾಳ್ವೆಯನ್ನು ಬೋಧಿಸುವುದು ಸಲ್ಲದು.

ಸರ್ಕಾರ ಪರಿಹಾರ ಕೊಡುತ್ತದೆ, ನಿಜ. ಪರಿಹಾರದ ಲೆಕ್ಕದಲ್ಲಿ ಪ್ರಾಣಿ ಅಪರಾಧಿ, ರೈತ ಅರ್ಜಿದಾರ. ನೆದರ್‌ಲ್ಯಾಂಡ್ಸ್‌ನಲ್ಲಿ ಬೇರೊಂದು ಏರ್ಪಾಡೂ ಇದೆ: ಚಳಿಗಾಲದಲ್ಲಿ ಉತ್ತರದಿಂದ ಬರುವ ಹೆಬ್ಬಾತುಗಳನ್ನು ಗೊತ್ತುಪಡಿಸಿದ ಹುಲ್ಲುಗಾವಲುಗಳಲ್ಲಿ ಓಡಿಸದೆ ಮೇಯಲು ಬಿಡುವ ರೈತರಿಗೆ ಹಣ ಸಲ್ಲುತ್ತದೆ. ಅಲ್ಲಿ ಹಕ್ಕಿ ಅತಿಥಿ, ರೈತ ಸಾರ್ವಜನಿಕರ ಪರವಾಗಿ ಉಣಬಡಿಸುವವನು. ಮೊದಲ ಫಸಲಿನ ಹರಕೆಗೆ ಹತ್ತಿರವಾದದ್ದು ಈ ಎರಡನೆಯದು. ಆದರೆ ಬಾತು ಮನುಷ್ಯನನ್ನು ಕೊಲ್ಲುವುದಿಲ್ಲ. ಆನೆಯ ವಿಷಯದಲ್ಲಿ ಮೇಯಲು ಬಿಡಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲಾಗದು.

ಪಾಲು ಕೊಡುವುದಕ್ಕೂ ಮೊದಲು ಕಾಡಿಗೆ ತೀರಿಸಬೇಕಾದ ಋಣವೊಂದಿದೆ. ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆಂದು ತಂದ ಲಂಟಾನ ಎಂಬ ಪೊದೆಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲಿನ ಜಾಗವನ್ನು ನುಂಗಿದೆ. ಹುಲ್ಲು ಕಳೆದ ಕಾಡಿನ ಆನೆಗೆ ಬೆಳೆಯ ಸೆಳೆತ ಇನ್ನೂ ಹೆಚ್ಚು. ತಮ್ಮ ತರಗು ಬೆಂಕಿಯ ಪದ್ಧತಿಯನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಹಬ್ಬಿತು ಎಂಬುದು ಬೆಟ್ಟದ ಆದಿವಾಸಿಗಳಾದ ಸೋಲಿಗರ ಮಾತು. ಬೇಸಿಗೆಯ ಆರಂಭದಲ್ಲಿ ಒಣಗಿದೆಲೆಗೆ ಹಚ್ಚುತ್ತಿದ್ದ ಆ ಸಣ್ಣ ಬೆಂಕಿ ಲಂಟಾನದ ಸಸಿಗಳನ್ನು ಸುಟ್ಟು ಹುಲ್ಲಿಗೆ ಎಡೆ ಕೊಡುತ್ತಿತ್ತು. ಕಾಡನ್ನು ಮರಳಿ ಕಟ್ಟುವ ಯೋಜನೆಗಳಲ್ಲಿ ಅವರ ಮಾತಿಗೆ ಮೊದಲ ಸ್ಥಾನ ಸಲ್ಲಬೇಕು.