ಪಂಜರದ ಕೆಳಗಿನ ನೆಲ

ಗಿಳಿಯನ್ನು ಕುರಿತು ನಮ್ಮ ಪೂರ್ವಕವಿಗಳು ಬರೆದಿರುವುದು ಅಲ್ಪವಲ್ಲ. ಬಾಣಭಟ್ಟನ ಕಾದಂಬರಿಯಲ್ಲಿ ಶೂದ್ರಕನ ಆಸ್ಥಾನಕ್ಕೆ ಪಂಜರದಲ್ಲಿ ಬಂದ ವೈಶಂಪಾಯನನೆಂಬ ಗಿಳಿಯು ಬಲಗಾಲನ್ನೆತ್ತಿ ರಾಜನಿಗೆ ಜಯವನ್ನು ಹೇಳಿ ಆರ್ಯಾವೃತ್ತವನ್ನು ಪಠಿಸುತ್ತದೆ. ಶುಕಸಪ್ತತಿಯ ಗಿಳಿಯು ಒಡತಿಗೆ ರಾತ್ರಿಗೊಂದರಂತೆ ಕಥೆಗಳನ್ನು ಹೇಳಿ ಆಕೆಯು ಹೊಸಲು ದಾಟದಂತೆ ಕಾಯುತ್ತದೆ. ಶಂಕರವಿಜಯದಲ್ಲಿ ಆಚಾರ್ಯರು ಮಂಡನಮಿಶ್ರನ ಮನೆಯಾವುದೆಂದು ಕೇಳಲು, ಯಾವ ಬಾಗಿಲಿನ ಪಂಜರಗಳಲ್ಲಿ ಗಿಳಿಗಳು ವೇದವು ಸ್ವತಃಪ್ರಮಾಣವೋ ಪರತಃಪ್ರಮಾಣವೋ ಎಂದು ವಾದಿಸುತ್ತಿರುವುವೋ ಅದೇ ಆತನ ಮನೆಯೆಂದು ಉತ್ತರವು ಬರುತ್ತದೆ. ಇವೆಲ್ಲವನ್ನೂ ಪಾಠಶಾಲೆಯಲ್ಲಿ ಓದಿ, ಅನಂತರ ಮೂವತ್ತು ವರ್ಷಗಳಿಗೂ ಮಿಕ್ಕು ಹುಡುಗರಿಗೆ ಪಾಠ ಹೇಳಿದ ನನಗೆ ಒಂದು ಪ್ರಶ್ನೆಯು ಮಾತ್ರ ಅರುವತ್ತು ಕಳೆಯುವವರೆಗೂ ಹೊಳೆದಿರಲಿಲ್ಲ. ಮಂಡನಮಿಶ್ರನ ಬಾಗಿಲಲ್ಲಿ ಅಷ್ಟೊಂದು ಪಂಜರಗಳ ಕೆಳಗಣ ನೆಲವನ್ನು ದಿನವೂ ಗುಡಿಸುತ್ತಿದ್ದವರು ಯಾರು?

ಪ್ರಶ್ನೆಯನ್ನು ಪರಿಹಾಸಕ್ಕೆಂದು ಎತ್ತಿದೆನೆಂದು ವಾಚಕರು ಭಾವಿಸಬಾರದು. ಅದು ನನ್ನ ಮನೆಯಲ್ಲಿಯೇ, ನನ್ನನ್ನು ನಾಚಿಸುವ ರೀತಿಯಲ್ಲಿ ಹುಟ್ಟಿದ ಪ್ರಶ್ನೆ.

ನಮ್ಮ ಕುಕ್ಕುವಾಡವು ಭದ್ರಾ ನಾಲೆಯ ನೀರಿನ ಸೀಮೆ. ಬತ್ತ, ಕಬ್ಬು, ಅಡಕೆ ಇವುಗಳ ನಡುವೆ ಗಿಳಿಗಳಿಗೆ ಕೊರತೆಯಿಲ್ಲ. ಬೆಳೆಯು ಹಾಲುಗಟ್ಟುವ ಕಾಲಕ್ಕೆ ಅವು ಹಿಂಡುಹಿಂಡಾಗಿ ಇಳಿಯುವುವು. ಒಕ್ಕಲಿನವರು ತಗಡಿನ ಡಬ್ಬವನ್ನು ಬಾರಿಸಿ ಓಡಿಸುವರು. ಹೊಲದಲ್ಲಿ ಡಬ್ಬ ಬಾರಿಸಿದ ಕೈಯೇ ಹಿಂದೆ ಮನೆಯಲ್ಲಿ ಪಂಜರದ ಗಿಳಿಗೆ ಸೀಬೆಹಣ್ಣನ್ನು ತಿನ್ನಿಸುತ್ತಿದ್ದುದೂ ಉಂಟು. ಈಗ ಹಾಗೆ ಸಾಕುವಂತಿಲ್ಲ. ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದಾಗಲಿ ಮಾರುವುದಾಗಲಿ ಪಂಜರದಲ್ಲಿಡುವುದಾಗಲಿ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವು. ಆದುದರಿಂದ ಬೇಸಿಗೆಯ ರಜೆಯಲ್ಲಿ ಮೊಮ್ಮಗನು ಗಿಳಿ ಬೇಕೆಂದು ಹಟ ಹಿಡಿದಾಗ, ದಾವಣಗೆರೆಯ ಪೇಟೆಯಿಂದ ಪರದೇಶದ ಸಣ್ಣ ಗಿಳಿಯೊಂದನ್ನು ತಂದುಕೊಟ್ಟೆನು. ಅಂಗಡಿಯವರು ಅದನ್ನು ಲವ್ ಬರ್ಡ್ ಎನ್ನುವರು. ಅದರ ನಿಜವಾದ ಹೆಸರು ಬಜೆರಿಗಾರ್. ಆಸ್ಟ್ರೇಲಿಯಾ ಖಂಡದ ಒಳನಾಡಿನ ಬಯಲುಗಳು ಅದರ ತವರು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಬಳಿಕ ಅದು ಪಂಜರದಲ್ಲಿಯೇ ಹುಟ್ಟಿ ಪಂಜರದಲ್ಲಿಯೇ ಮರಿಮಾಡುತ್ತ ಲೋಕವನ್ನೆಲ್ಲ ಸುತ್ತಿದೆ. ತೂಕವು ಮೂವತ್ತು ನಾಲ್ವತ್ತು ಗ್ರಾಮಿಗೆ ಮೀರದು. ಇಷ್ಟು ಸಣ್ಣ ಜೀವದಿಂದ ಮನೆಗೆ ಏನು ತೊಂದರೆಯಾದೀತೆಂದು ನಾನು ಎಣಿಸಿದೆನು.

ಆ ಎಣಿಕೆಯು ತಪ್ಪಾಗಿತ್ತು. ಹಾರುವ ಪ್ರಾಣಿಗೆ ದೇಹಭಾರವನ್ನು ಹೊತ್ತಿರುವುದು ಸಲ್ಲದು. ಆದಕಾರಣ ಪ್ರಕೃತಿಯು ಅದಕ್ಕೆ ಮೂತ್ರಕೋಶವನ್ನೇ ಕೊಟ್ಟಿಲ್ಲ. ಮಲಮೂತ್ರಗಳೆರಡೂ ಒಂದೇ ದ್ವಾರದಿಂದ ಕೂಡಿಯೇ ಹೊರಡುವುವು. ಹಿಕ್ಕೆಯ ಕಪ್ಪುಭಾಗವು ಮಲ, ಬಿಳಿಭಾಗವು ಮೂತ್ರ. ಎಚ್ಚರವಿರುವಷ್ಟು ಹೊತ್ತೂ ಗಳಿಗೆಗೊಂದು ಸಲವಾದರೂ ಇದು ನಡೆಯುವುದು. ಮೇಲಾಗಿ ಅದು ನವಣೆಯ ಪ್ರತಿಯೊಂದು ಕಾಳನ್ನೂ ಕೊಕ್ಕಿನಲ್ಲಿ ಸುಲಿದು ಹೊಟ್ಟನ್ನು ಉಗುಳುವುದು. ರೆಕ್ಕೆ ಬಡಿದಾಗ ಆ ಹೊಟ್ಟು ಪಡಸಾಲೆಯ ಮೂಲೆಮೂಲೆಗೂ ಹಾರುವುದು. ಗರಿ ಉದುರುವ ಕಾಲದಲ್ಲಿ ಪುಕ್ಕವೂ ಬಿಳಿಯ ಧೂಳೂ ಬೇರೆ. ತೋಟದ ಮರದ ಮೇಲೆ ಇದಾವುದೂ ಕೊಳೆಯಲ್ಲ. ಹೊಟ್ಟು ಮಣ್ಣಿಗೆ ಸೇರುವುದು, ಹಿಕ್ಕೆಯು ಗೊಬ್ಬರವಾಗುವುದು. ಹಣ್ಣನ್ನು ಕೆಡಹುವಾಗ ಪಕ್ಷಿಯ ಕೊಕ್ಕು ಶುದ್ಧವೆಂದು ಮನುಸ್ಮೃತಿಯ ಐದನೆಯ ಅಧ್ಯಾಯವೇ ಹೇಳಿದೆ. ಗಿಳಿ ಕಚ್ಚಿದ ಹಣ್ಣನ್ನು ಹುಡುಕಿ ತಿನ್ನದ ಬಾಲ್ಯವು ನಮ್ಮಲ್ಲಿ ಯಾರದು? ಅದೇ ಪಕ್ಷಿಯನ್ನು ಗಾರೆಯ ನೆಲದ ಮೇಲೆ ತಂದಿರಿಸಿದೊಡನೆ ಅಶುದ್ಧವೆಂಬ ಮಾತು ಹುಟ್ಟಿತು. ಎಂದಮೇಲೆ ಅಶೌಚವನ್ನುಂಟುಮಾಡಿದುದು ಪಕ್ಷಿಯಲ್ಲ, ಅದನ್ನು ತಂದವನು.

ಇಷ್ಟು ವಿವೇಕವು ಆಗ ನನಗಿರಲಿಲ್ಲ. ಮೊಮ್ಮಗನ ಉತ್ಸಾಹವು ಶಾಲೆಯು ತೆರೆದೊಡನೆ ತೀರಿತು. ಗಿಳಿಯು ನನ್ನ ಪಾಲಿಗೆ ಬಂದಿತು. ಬೆಳಗ್ಗೆ ಸಂಜೆ ಪಂಜರದ ಎದುರು ಕುಳಿತು ರಾಮನಾಮವನ್ನು ಕಲಿಸಿದೆನು. ಕೆಲವು ತಿಂಗಳಿಗೆ ಅದು ಸಣ್ಣ ಕೀರಲು ದನಿಯಲ್ಲಿ, ಒಂದೇ ಉಸಿರಿಗೆ ನಾಲ್ಕೈದು ಸಲ ರಾಮ ಎನ್ನತೊಡಗಿತು. ಬಂದವರೆಲ್ಲರೂ ಮೆಚ್ಚಿದರು, ಮೇಷ್ಟರ ಮನೆಯ ಗಿಳಿಗೂ ಸಂಸ್ಕಾರವಾಗಿದೆಯೆಂದರು. ನಾನು ಸುಳ್ಳು ಹೇಳಲಾರೆನು, ಹಿಗ್ಗಿದೆನು. ಒಂದು ದಿನ ಅದನ್ನು ಹೊರಗೆ ಬಿಟ್ಟಿದ್ದಾಗ ನನ್ನ ಹಳೆಯ ಕಾದಂಬರೀ ಪ್ರತಿಯ ಮೇಲೆ ಕುಳಿತು, ಸರಿಯಾಗಿ ಜಾಬಾಲಿಯ ಆಶ್ರಮದ ವರ್ಣನೆಯಿರುವ ಪುಟಕ್ಕೆ ತನ್ನ ಮುದ್ರೆಯನ್ನು ಒತ್ತಿತು. ದರಿದ್ರ ಪಕ್ಷಿಯೆಂದು ಕೂಗಾಡಿದೆನು. ಸೊಸೆಯು ಬಂದು ಒದ್ದೆ ಬಟ್ಟೆಯಿಂದ ಪುಟವನ್ನು ಒತ್ತಿ ಒರಸಿ, ಮಂಡಿಯೂರಿ ನೆಲವನ್ನೂ ಒರಸಿ, ಮಾತಾಡದೆ ಒಳಕ್ಕೆ ಹೋದಳು. ಆಕೆಯು ಹಾಗೆ ಒರಸುತ್ತಿದ್ದುದು ಅದೆಷ್ಟನೆಯ ಸಲವೆಂಬುದನ್ನು ನಾನು ಲೆಕ್ಕವಿಟ್ಟಿರಲಿಲ್ಲ.

ಮುಂದೆ ಸೊಸೆಯು ತಂಗಿಯ ಮದುವೆಗೆಂದು ಎಂಟು ದಿನ ತವರಿಗೆ ಹೋದಳು. ಮಗನೂ ಮೊಮ್ಮಗನೂ ಜೊತೆಗೆ ಹೊರಟರು. ಗಿಳಿಯ ಹೊಣೆಯನ್ನು ನಾನೇ ವಹಿಸಿಕೊಂಡೆನು. ಮೊದಲನೆಯ ದಿನ ನೀರು ಬದಲಿಸಿ ಕಾಳಿನ ಬಟ್ಟಲನ್ನು ನೋಡಿದೆನು, ತುಂಬಿದಂತಿತ್ತು. ಎರಡನೆಯ ದಿನವೂ ತುಂಬಿಯೇ ಇತ್ತು. ಅಲ್ಪಾಹಾರಿಯಾದ ಪಕ್ಷಿಯೆಂದುಕೊಂಡೆನು. ಆ ಸಂಜೆ ಅದು ರಾಮನೆನ್ನಲಿಲ್ಲ. ಗರಿಗಳನ್ನು ಉಬ್ಬಿಸಿಕೊಂಡು, ಕಣ್ಣನ್ನು ಅರೆಮುಚ್ಚಿ, ಕಡ್ಡಿಯನ್ನು ಬಿಟ್ಟು ಪಂಜರದ ತಳದಲ್ಲಿ ಕುಳಿತಿತ್ತು. ಗಾಬರಿಯಿಂದ ಸೊಸೆಗೆ ಫೋನು ಮಾಡಿದೆನು. ಮದುವೆಮನೆಯ ಗದ್ದಲದಲ್ಲಿ ಆಕೆಯು ಒಂದೇ ಮಾತು ಕೇಳಿದಳು: “ಮಾವನವರೇ, ಬಟ್ಟಲನ್ನು ಊದಿ ನೋಡಿದಿರಾ?”

ಊದಿದೆನು. ಹೊಟ್ಟೆಲ್ಲ ನನ್ನ ಮುಖಕ್ಕೆ ಎರಚಿತು. ತಳದಲ್ಲಿ ಒಂದು ಕಾಳೂ ಇರಲಿಲ್ಲ.

ಸುಲಿದ ಹೊಟ್ಟು ಬಟ್ಟಲಿನ ಮೇಲೆಯೇ ಉಳಿದು ಕಾಳಿನಂತೆ ತೋರುವುದೆಂಬುದೂ, ಇಂತಹ ಪಕ್ಷಿಗಳು ತುಂಬಿದ ಬಟ್ಟಲಿನ ಎದುರಿಗೇ ಹಸಿವಿನಿಂದ ಸಾಯುವುದುಂಟೆಂಬುದೂ ನನಗೆ ಆಗ ತಿಳಿಯಿತು. ಆಕೆಯು ಪ್ರತಿದಿನವೂ ಬೆಳಗ್ಗೆ ಅಂಗಳಕ್ಕೆ ಹೋಗಿ ಬಟ್ಟಲನ್ನು ಊದಿ ತರುತ್ತಿದ್ದಳಂತೆ. ನಾನು ಒಮ್ಮೆಯೂ ನೋಡಿರಲಿಲ್ಲ. ಹೊಸ ನವಣೆಯನ್ನು ಹಾಕಿ, ರಾತ್ರಿಯೆಲ್ಲ ಪಂಜರದ ಬಳಿ ಕುಳಿತೆನು. ನಡುರಾತ್ರಿಯಲ್ಲಿ ಕಾಳು ಸುಲಿಯುವ ಚಿಟಿಚಿಟಿ ಸದ್ದು ಕೇಳಿಬಂದಿತು. ಅದಕ್ಕಿಂತ ಮಧುರವಾದ ಶುಕವಾಣಿಯು ಕಾವ್ಯಗಳಲ್ಲಿಯೂ ಇರಲಾರದು.

ಆ ರಾತ್ರಿ ಮನಸ್ಸಿನಲ್ಲಿ ತಿರುಗಿದ ವಿಚಾರವಿದು. ಸಾಕುವುದೆಂದರೇನು? ಮಾತು ಕಲಿಸಿದವನು ನಾನು, ಹೊಗಳಿಕೆಯನ್ನು ಕೇಳಿದವನು ನಾನು. ಜೀವವನ್ನು ಉಳಿಸಿಕೊಂಡಿದ್ದವಳು ಕೊಳೆಯನ್ನು ತೆಗೆಯುತ್ತಿದ್ದವಳು. ಕೊಳೆಯನ್ನು ಮುಟ್ಟದವನಿಗೆ ಆ ಪ್ರಾಣಿಯ ಸ್ಥಿತಿಯೇ ತಿಳಿಯದು. ಹಿಕ್ಕೆಯು ನೀರಾಗಿದೆಯೇ, ಬಣ್ಣಗೆಟ್ಟಿದೆಯೇ, ಹೊಟ್ಟು ಹೆಚ್ಚೋ ಕಡಮೆಯೋ ಎಂಬುದೇ ಮೂಕಪಕ್ಷಿಯು ತನ್ನ ಆರೋಗ್ಯವನ್ನು ಕುರಿತು ಆಡುವ ಮಾತು. ನಾನು ಕಲಿಸಿದ ಮಾತನ್ನು ಕೇಳಿ ನಲಿದೆನು, ಅದರ ಸ್ವಂತ ಮಾತನ್ನು ಓದಲಿಲ್ಲ. ಪ್ರಿಯವೆಂಬುದೆಲ್ಲವೂ ತನಗೋಸ್ಕರವೇ ಪ್ರಿಯವೆಂದು ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳಿದುದನ್ನು ವೇದಾಂತಾರ್ಥದಲ್ಲಿ ಎಷ್ಟೋ ಸಲ ವ್ಯಾಖ್ಯಾನಿಸಿದ್ದೆನು. ಪಂಜರದ ವಿಷಯದಲ್ಲಿ ಅದು ಲೌಕಿಕಾರ್ಥದಲ್ಲಿಯೂ ಸತ್ಯವಾಯಿತು.

ಗೃಹಸ್ಥನ ಮನೆಯಲ್ಲಿ ಐದು ಹಿಂಸಾಸ್ಥಾನಗಳೆಂದು ಧರ್ಮಶಾಸ್ತ್ರವು ಎಣಿಸಿದೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಅವುಗಳ ಪರಿಹಾರಕ್ಕಾಗಿ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಪಶುಪಕ್ಷಿಗಳಿಗೆಂದು ಅನ್ನವನ್ನು ನೆಲದ ಮೇಲೆ ಇಟ್ಟು ಬರುವುದು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಅನ್ನವನ್ನು ಹೊರಗಿಡುವರು. ಪಕ್ಷಿಯು ಬರುವುದು, ತಿನ್ನುವುದು, ಹೋಗುವುದು. ಆರನೆಯ ಹಿಂಸಾಸ್ಥಾನವಾಗಿ ಪಂಜರವನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಐದನ್ನೂ ಮುಟ್ಟುವವರು ಹೆಂಗಸರು, ಯಜ್ಞದ ಫಲವು ಯಜಮಾನನಿಗೆ ಎಂಬ ಹಳೆಯ ಏರ್ಪಾಡು ಆರನೆಯದರಲ್ಲಿಯೂ ನಡೆದುಬಂದಿತಷ್ಟೆ.

ಹಾಗಾದರೆ ಬಿಟ್ಟುಬಿಡಬಾರದೇ ಎಂದು ಮಿತ್ರರೊಬ್ಬರು ಕೇಳಿದರು. ನಮ್ಮ ಕಾಡಿನ ಗಿಳಿಯಾಗಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬಹುದಾಗಿತ್ತು. ಈ ಪರದೇಶಿಗೆ ಇಲ್ಲಿ ಹಿಂಡಿಲ್ಲ, ಮೇವಿನ ಪರಿಚಯವಿಲ್ಲ. ಬಿಟ್ಟರೆ ನಮ್ಮ ಬೇವಿನಮರದ ಕಾಗೆಗಳಿಗೆ ಒಂದು ಗಳಿಗೆಯ ಕೆಲಸ. ಬಂಧನವೂ ದೋಷ, ಬಿಡುಗಡೆಯೂ ವಧೆ. ಇಂತಹ ಉಭಯಸಂಕಟವನ್ನು ನಾನೇ ಹಣ ಕೊಟ್ಟು ಕೊಂಡುತಂದೆನು. ಮತ್ತೊಬ್ಬರು ಕಾಳನ್ನು ಕಡಮೆ ಮಾಡಿದರೆ ಹಿಕ್ಕೆಯೂ ಕಡಮೆಯಾಗುವುದೆಂದರು. ಪಂಜರವನ್ನು ದನದ ಕೊಟ್ಟಿಗೆಗೆ ಕಟ್ಟೆಂದರು, ಹೊರಗೆ ಬಿಡದಿದ್ದರಾಯಿತೆಂದರು. ಈ ಉಪಾಯಗಳೆಲ್ಲವೂ ನಮ್ಮ ನೈರ್ಮಲ್ಯದ ಬೆಲೆಯನ್ನು ಪಕ್ಷಿಯಿಂದಲೇ ವಸೂಲು ಮಾಡುವಂಥವು. ಆಕಾಶವನ್ನೇ ಕಳೆದುಕೊಂಡ ಪ್ರಾಣಿಯಿಂದ ಪಡಸಾಲೆಯ ಒಂದು ಗಂಟೆಯ ಹಾರಾಟವನ್ನೂ ಕಸಿಯುವುದು ಯಾವ ಶೌಚ? ಕಟ್ಟಬೇಕಾದುದು ಕೊಳೆಯನ್ನು, ಪಕ್ಷಿಯನ್ನಲ್ಲ; ಅದಕ್ಕೆ ತಗಲುವ ಶ್ರಮವು ಅದರಿಂದ ಸುಖಪಟ್ಟವನದು.

ಸೊಸೆಯಿಂದ ಪಾಠ ಹೇಳಿಸಿಕೊಂಡು ಈಗ ನಾನೇ ಆ ಕೆಲಸವನ್ನು ಮಾಡುತ್ತಿದ್ದೇನೆ. ಪಂಜರದ ತಳದ ತಟ್ಟೆಯಲ್ಲಿ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಏಳೆಂಟು ಪದರವಾಗಿ ಹಾಸಿ, ದಿನಕ್ಕೊಂದು ಪದರವನ್ನು ಸುತ್ತಿ ತೆಗೆಯುತ್ತೇನೆ. (ಈ ಮಾಸಪತ್ರಿಕೆಯ ಹಾಳೆಗಳನ್ನು ಉಪಯೋಗಿಸಿಲ್ಲವೆಂದು ಸಂಪಾದಕರಿಗೆ ಅಭಯವನ್ನೀಯುತ್ತೇನೆ; ಅಳತೆಯೂ ಹೊಂದುವುದಿಲ್ಲ.) ಪಂಜರದ ಕೆಳಭಾಗಕ್ಕೆ ಸುತ್ತಲೂ ತೆಳುವಾದ ಹಳೆಯ ಪಂಚೆಯನ್ನು ಗೇಣುದ್ದ ಕಟ್ಟಿದರೆ ಹೊಟ್ಟು ಅಷ್ಟಾಗಿ ಹಾರದು. ಒಣಗಿದ ಹಿಕ್ಕೆಯನ್ನು ಕಸಬರಿಗೆಯಿಂದ ಎಂದಿಗೂ ಗುಡಿಸಬಾರದು. ಅದರ ಧೂಳು ಶ್ವಾಸಕ್ಕೆ ಕೆಟ್ಟುದು. 1929-30ರಲ್ಲಿ ಅಮೆರಿಕ, ಯೂರೋಪುಗಳ ಹಲವು ದೇಶಗಳಲ್ಲಿ ಸಾಕುಗಿಳಿಗಳಿಂದ ಮನುಷ್ಯರಿಗೆ ಜ್ವರವು ಹರಡಿ ಜನರು ಸತ್ತುದು ಹೀಗೆಯೇ. ನೀರು ಚಿಮುಕಿಸಿ ನೆನೆಸಿ, ಒದ್ದೆ ಬಟ್ಟೆಯಿಂದ ಒರಸಿ, ಕೈ ತೊಳೆಯತಕ್ಕದ್ದು. ಪಂಜರವು ಅಡಿಗೆಮನೆಯಲ್ಲಿರಬಾರದು. ಅಂಟದ ಲೇಪವಿರುವ ಬಾಣಲೆಯು ಅತಿಯಾಗಿ ಕಾದರೆ ಹೊರಡುವ ಹೊಗೆಯು ನಮಗೆ ತಿಳಿಯುವ ಮೊದಲೇ ಪಕ್ಷಿಯನ್ನು ಕೊಲ್ಲುವುದು. ಪೂಜೆಯ ವೇಳೆಯ ಸಾಂಬ್ರಾಣಿಯ ಹೊಗೆಯೂ ಅದಕ್ಕೆ ಹಿತವಲ್ಲವೆಂದು ಅದನ್ನು ಅಂಗಳಕ್ಕೆ ಸಾಗಿಸಿದ್ದೇನೆ; ದೇವರು ಆಕ್ಷೇಪಿಸಿದಂತೆ ಕಾಣಲಿಲ್ಲ.

ಎಲ್ಲಕ್ಕೂ ಅರ್ಧಗಂಟೆ ಹಿಡಿಯುವುದು. ಮೊದಲ ಕೆಲವು ದಿನ ಹೇಸಿಗೆಯಾಯಿತೆಂಬುದನ್ನು ಮುಚ್ಚಿಡಲಾರೆನು. ಈ ಅರ್ಧಗಂಟೆಯು ಅಷ್ಟು ತಿಂಗಳು ಯಾರ ದಿನದಿಂದ ಕತ್ತರಿಸಿ ಬರುತ್ತಿದ್ದಿತೆಂದು ನೆನೆದಾಗ ಹೇಸಿಗೆಯು ಬೇರೆ ಕಡೆಗೆ ತಿರುಗಿತು.

ಸೊಸೆಯು ತವರಿನಿಂದ ಬಂದ ಮಾರನೆಯ ಬೆಳಗ್ಗೆ ನಾನು ಪಂಚೆಯನ್ನು ಎತ್ತಿ ಕಟ್ಟಿ, ತಟ್ಟೆಯನ್ನು ಅಂಗಳದಲ್ಲಿ ತೊಳೆಯುತ್ತಿದ್ದೆನು. ಆಕೆಯು ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಕೈಗೆ ಕೊಡಿರೆಂದಳು, ನಾನು ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುಳಿತುಕೊಳ್ಳುವ ಕಡ್ಡಿಯ ಅಡಿಭಾಗವನ್ನು ಬಿಟ್ಟಿದ್ದೀರಿ, ಮಾವನವರೇ” ಎಂದು ಹೇಳಿ ಒಳಕ್ಕೆ ಹೋದಳು. ತಿರುಗಿಸಿ ನೋಡಿದೆನು. ಬಿಟ್ಟಿದ್ದೆನು.