ಮಾತು ನಿಂತವರ ಪರವಾಗಿ ಒಪ್ಪುವವರು ಯಾರು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಿಗಾದರೂ ಲಕ್ವಾ ಹೊಡೆದರೆ ಮನೆಯವರು ಹೆಚ್ಚಾಗಿ ಬೆಳಗಾವಿಯ ಹಾದಿ ಹಿಡಿಯುತ್ತಾರೆ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ತಾಸು.

ಅದು ಮೀರಿದರೆ?

ಉಳಿದ ಕೋಶಗಳನ್ನಾದರೂ ಕಾಯುವ ಔಷಧಿಗಾಗಿ ದಶಕಗಳಿಂದ ಹುಡುಕಾಟ ನಡೆದಿದೆ. ಪ್ರಾಣಿಗಳಲ್ಲಿ ಗೆದ್ದ ಎನ್‌ಎಕ್ಸ್‌ವೈ-059 ಎಂಬ ಔಷಧಿ ಮನುಷ್ಯರ ಮೇಲಿನ ದೊಡ್ಡ ಪ್ರಯೋಗದಲ್ಲಿ 2006ರಲ್ಲಿ ಸೋತಿತು. ಭಾರತದ ರೋಗಿಗಳಲ್ಲಿ ಪರೀಕ್ಷೆಗೊಂಡ ಸೋವಾಟೆಲ್ಟೈಡ್ ಎಂಬ ಔಷಧಿಗೆ 2023ರಲ್ಲಿ ಇಲ್ಲಿ ಅನುಮತಿ ಸಿಕ್ಕಿತು.

ಇಂಥ ಔಷಧಿಯ ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಬೇಕು. ಆದರೆ ಮಂಚದ ಮೇಲಿನ ಹಿರಿಯರ ಬಾಯಿ ಸೊಟ್ಟಗಾಗಿದೆ, ಬಲಗೈ ಏಳುತ್ತಿಲ್ಲ, ಮಾತು ಹೊರಡುತ್ತಿಲ್ಲ. ಒಪ್ಪಿಗೆಯ ಕಾಗದ ಮಗನ ಕೈಗೆ ಬರುತ್ತದೆ. 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಒಪ್ಪಿಗೆ ಕೊಡಲಾಗದ ರೋಗಿಯ ಪರವಾಗಿ ಕಾನೂನುಬದ್ಧ ಪ್ರತಿನಿಧಿ ಸಹಿ ಹಾಕಬಹುದು. ಆಗ ಅವನು ಕೇಳಿಕೊಳ್ಳಬೇಕಾದದ್ದು ತನಗೇನು ಬೇಕು ಎಂದಲ್ಲ, ಅಪ್ಪ ಏನು ಬಯಸುತ್ತಿದ್ದರು ಎಂದು. ದೇಹವನ್ನೇ ದೇಗುಲವಾಗಿ ಕಂಡ ಶರಣರ ನಾಡಿನಲ್ಲಿ ರೋಗಿ ಬರೀ ಪ್ರಯೋಗದ ಸಾಧನವಾಗಬಾರದು. ಆದರೆ ಪ್ರಯೋಗವೇ ಬೇಡವೆಂದರೆ ನಾಳಿನ ರೋಗಿಗೆ ಹೊಸ ಔಷಧಿಯೂ ಇಲ್ಲ.

ಹಿರಿಯರು ಗಟ್ಟಿಮುಟ್ಟಾಗಿರುವಾಗಲೇ ಅವರ ಇಚ್ಛೆ ಕೇಳಿಟ್ಟುಕೊಳ್ಳಿ. ಬಾಯಿ ಸೊಟ್ಟಗಾದದ್ದು ಕಂಡರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.