ಕಾಣದ ಗುರುತೂ ಮಾಡತಕ್ಕ ಕಾರ್ಯವೂ

ಮನುಷ್ಯನು ತನ್ನ ಮೂತ್ರವನ್ನು ಹೇಸಿಕೆಯ ವಸ್ತುವೆಂದೆಣಿಸಿ ಅದರ ಮಾತೆತ್ತುವದಕ್ಕೂ ನಾಚುತ್ತಾನೆ. ಆದರೆ ಈ ದಿನಗಳಲ್ಲಿ ವೈದ್ಯಪಂಡಿತರು ಒಂದು ಸಣ್ಣ ಸೀಸೆಯಷ್ಟು ಮೂತ್ರದಲ್ಲಿ ಮೂತ್ರಾಶಯದ ಕ್ಯಾನ್ಸರ್ ರೋಗದ ಗುರುತುಗಳನ್ನು ಓದಬಲ್ಲವರಾಗಿದ್ದಾರೆ. ಕೆಲವು ಸಾರಿ ವೈದ್ಯನ ಕಣ್ಣಿಗೆ ಏನೂ ಕಾಣುವದಕ್ಕಿಂತ ಮುಂಚೆಯೇ ಆ ಗುರುತು ಸಿಕ್ಕುವದು. ಇದರಿಂದ ಒಂದು ಪ್ರಶ್ನೆ ಹುಟ್ಟುತ್ತದೆ. ಕಣ್ಣು ಕಾಣದ್ದನ್ನು ಇಂಥ ಪರೀಕ್ಷೆಯು ಹೇಳುವಾಗ, ಅದನ್ನು ನಂಬಿ ಮನುಷ್ಯನ ದೇಹದ ಮೇಲೆ ಎಷ್ಟರ ಮಟ್ಟಿಗೆ ಕೈಯಿಡುವದು ನ್ಯಾಯವು? ಇದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ನಾವೆಲ್ಲರೂ ಒಂದು ದಿನ ರೋಗಿಗಳೋ ರೋಗಿಗಳ ಮನೆಯವರೋ ಆಗುವವರೇ.

ಮೊದಲು ಸಂಗತಿಯನ್ನು ತಿಳಿಯೋಣ. ಮೂತ್ರಾಶಯವು ಒಂದು ಚೀಲದ ಹಾಗಿದೆ. ಈ ರೋಗವು ಹೆಚ್ಚಾಗಿ ಅದರ ಒಳಪೊರೆಯಲ್ಲಿ ಹುಟ್ಟುವದರಿಂದ, ಕೆಟ್ಟ ಜೀವಕಣಗಳು ಕಳಚಿ ಮೂತ್ರದೊಂದಿಗೆ ಹೊರಗೆ ಬರುತ್ತವೆ. 1945ರಲ್ಲಿ ಅಮೇರಿಕಾದ ಪಪನಿಕೊಲಾವು, ಮಾರ್ಷಲ್ ಎಂಬ ಪಂಡಿತರು ಆ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಗುರುತಿಸುವ ಕ್ರಮವನ್ನು ಪ್ರಕಟಿಸಿದರು. ಉಗ್ರವಾದ ರೋಗಕ್ಕೆ ಅದು ಒಳ್ಳೇದು, ಮೆಲ್ಲಗೆ ಬೆಳೆಯುವ ರೋಗಕ್ಕೆ ಸಾಲದು. ಈಗಿನ ಪರೀಕ್ಷೆಗಳು ಇನ್ನೂ ಒಳಗೆ ಹೋಗುತ್ತವೆ. ಪ್ರತಿಯೊಂದು ಜೀವಕಣದಲ್ಲಿ ಜೀನ್‌ಗಳೆಂಬ ಒಂದು ಬರಹವುಂಟು. ಆ ಬರಹದಲ್ಲಿ ಟಿಪಿ53, ಟಿಇಆರ್‌ಟಿ, ಎಫ್‌ಜಿಎಫ್‌ಆರ್3 ಮುಂತಾದ ಸ್ಥಳಗಳಲ್ಲಿ ಬಿದ್ದ ತಪ್ಪುಗಳನ್ನು ಅವು ಹುಡುಕುತ್ತವೆ.

ಈ ವಿಷಯದಲ್ಲಿ ಒಬ್ಬ ಪ್ರಸಿದ್ಧ ಮನುಷ್ಯನ ಕಥೆಯು ಆಲೋಚನೆಗೆ ಯೋಗ್ಯವಾಗಿದೆ. ಹ್ಯೂಬರ್ಟ್ ಹಂಫ್ರಿಯೆಂಬವರು 1965ರಿಂದ 1969ರ ವರೆಗೆ ಅಮೇರಿಕಾದ ಉಪಾಧ್ಯಕ್ಷರಾಗಿದ್ದರು. 1967ರಲ್ಲಿ ಅವರ ಮೂತ್ರದಲ್ಲಿ ರಕ್ತವು ಕಾಣಿಸಿತು. ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ನೋಡಿದ ಪಂಡಿತರ ಅಭಿಪ್ರಾಯವು ಒಂದಾಗಲಿಲ್ಲ. ಮರುವರುಷ ಅವರು ಅಧ್ಯಕ್ಷ ಪದವಿಗಾಗಿ ಸ್ಪರ್ಧಿಸಿ ಸೋತರು. 1973ರಲ್ಲಿ ಕ್ಯಾನ್ಸರ್ ಎಂಬದು ನಿಶ್ಚಯವಾಗಿ ಕಿರಣಗಳ ಚಿಕಿತ್ಸೆ ನಡೆಯಿತು. 1976ರಲ್ಲಿ ಮೂತ್ರಾಶಯವನ್ನೇ ತೆಗೆಯಬೇಕಾಯಿತು. 1978ನೇ ಜನವರಿ 13ರಂದು ಅವರು ತೀರಿಕೊಂಡರು. ಬಹು ಕಾಲದ ಮೇಲೆ ಜಾನ್ಸ್ ಹಾಪ್ಕಿನ್ಸ್ ವಿದ್ಯಾಲಯದ ಪಂಡಿತರು, 1967ರಲ್ಲಿ ಇಟ್ಟಿದ್ದ ಮೂತ್ರದ ಕಣಗಳನ್ನು ಪರೀಕ್ಷಿಸಿ, ಕಡೆಯ ಗಡ್ಡೆಯಲ್ಲಿದ್ದ ಅದೇ ಜೀನ್ ತಪ್ಪು ಅವುಗಳಲ್ಲಿಯೂ ಇತ್ತೆಂದು 1994ರಲ್ಲಿ ಪ್ರಕಟಿಸಿದರು.

ಇದನ್ನೋದುವವನು, "ಅಯ್ಯೋ! ಆಗಲೇ ತಿಳಿದಿದ್ದರೆ!" ಎಂದು ಉದ್ಗರಿಸದೆ ಇರಲಾರನು. ನಮಗೂ ಹಾಗೆಯೇ ತೋಚುತ್ತದೆ. ಆದರೆ ಸಮಾಧಿಯ ಬಳಿಯಲ್ಲಿ ನಿಂತು ಹಿಂದಕ್ಕೆ ನೋಡುವವನಿಗೆ ಒಂದೇ ದಾರಿ ಕಾಣುತ್ತದೆ. ಬದುಕಿರುವವನ ಮುಂದೆ ಹಲವು ದಾರಿಗಳಿವೆ. ಗುರುತು ಸಿಕ್ಕಿದವರೆಲ್ಲರ ಅಂತ್ಯವು ಒಂದೇ ವಿಧವಲ್ಲ. ಎಫ್‌ಜಿಎಫ್‌ಆರ್3 ಎಂಬ ಜೀನಿನ ತಪ್ಪಾದರೋ ಅನೇಕ ಸಾರಿ ಮೆಲ್ಲಗೆ ಬೆಳೆಯುವ, ಆಳಕ್ಕೆ ಇಳಿಯದ ಗಡ್ಡೆಗಳಲ್ಲಿಯೇ ಕಾಣುವದು. ಮೂತ್ರಾಶಯವನ್ನು ತೆಗೆಯುವದೂ ಸಣ್ಣ ಕೆಲಸವಲ್ಲ. ಸಾಮಾನ್ಯವಾಗಿ ಗಂಡಸಿನಲ್ಲಿ ಅದರೊಂದಿಗೆ ಪ್ರಾಸ್ಟೇಟ್ ಗ್ರಂಥಿಯೂ, ಹೆಂಗಸಿನಲ್ಲಿ ಅನೇಕ ವೇಳೆ ಗರ್ಭಕೋಶವೂ ಹೋಗುತ್ತವೆ. ಆ ಮೇಲೆ ಬಾಳೆಲ್ಲಾ ಹೊಟ್ಟೆಯ ಮೇಲಿನ ಚೀಲಕ್ಕೆ ಮೂತ್ರವು ಹರಿಯಬೇಕು, ಇಲ್ಲವೆ ಕರುಳಿನಿಂದ ಹೊಸ ಕೋಶವನ್ನು ಕಟ್ಟಬೇಕು.

ಆದಕಾರಣ ನಮಗೆ ತೋರುವ ಮೊದಲನೆಯ ನಿಯಮವು ಇದು: ಹಿಂದಕ್ಕೆ ತಿರುಗಿಸಲಾರದ ಕಾರ್ಯಕ್ಕೆ ಬಲವಾದ ಸಾಕ್ಷಿ ಬೇಕು; ತಿರುಗಿಸಬಹುದಾದ ಕಾರ್ಯಕ್ಕೆ ಸಣ್ಣ ಸಾಕ್ಷಿಯೂ ಸಾಕು. ತೆಂಗಿನ ಗರಿಯೊಂದು ಹಳದಿಯಾದರೆ ಬುದ್ಧಿವಂತನಾದ ತೋಟಗಾರನು ಕೊಡಲಿಯನ್ನು ತರುವದಿಲ್ಲ. ಕಣ್ಣುಮುಚ್ಚಿಕೊಂಡು ಮನೆಗೂ ಹೋಗುವದಿಲ್ಲ. ಬುಡವನ್ನು ಬಿಡಿಸಿ ನೋಡುತ್ತಾನೆ. ಹಾಗೆಯೇ ಪರೀಕ್ಷೆಯು ಮಾತ್ರ ಕೂಗಿ ಕಣ್ಣಿಗೆ ಏನೂ ಕಾಣದಿದ್ದಾಗ, ಬೇಗನೆ ಮತ್ತೊಮ್ಮೆ ನೋಡುವದೂ ಸಂಶಯದ ಸ್ಥಳದಿಂದ ಚೂರು ತೆಗೆದು ಪರೀಕ್ಷಿಸುವದೂ ನ್ಯಾಯವಾದದ್ದು. ಆ ಕೂಗೊಂದನ್ನೇ ನಂಬಿ ಅಂಗವನ್ನು ಕೊಯ್ಯುವದು ನ್ಯಾಯವಲ್ಲ.

ಇನ್ನು ಪರೀಕ್ಷೆಯು ಮೌನವಾಗಿರುವಾಗ ಮಾಡತಕ್ಕದ್ದೇನು? ಈ ರೋಗವು ತೆಗೆದ ಮೇಲೂ ತಿರಿಗಿ ತಿರಿಗಿ ಬರುವಂಥದು. ಆದದರಿಂದ ರೋಗಿಯು ಮೊದಮೊದಲು ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗಿ, ಮೂತ್ರದ್ವಾರದೊಳಗೆ ನಳಿಕೆಯನ್ನು ತೂರಿಸಿಕೊಂಡು ನೋಡಿಸಿಕೊಳ್ಳಬೇಕಾಗುತ್ತದೆ. ಅದರ ನೋವನ್ನೂ ನಾಚಿಕೆಯನ್ನೂ ಅನುಭವಿಸಿದವರೇ ಬಲ್ಲರು. ಡೆನ್ಮಾರ್ಕ್ ದೇಶದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೆಲವು ಸಾರಿ ನಳಿಕೆಗೆ ಬದಲಾಗಿ ಮೂತ್ರದ ಪರೀಕ್ಷೆಯನ್ನೇ ಮಾಡಿ ನೋಡಿದ್ದಾರೆ. ಆದರೆ ಪರೀಕ್ಷೆಯು ಕೆಲವೊಮ್ಮೆ, ಮುಖ್ಯವಾಗಿ ಸಣ್ಣ ಗಡ್ಡೆಗಳನ್ನು, ತಪ್ಪಿಸಿಬಿಡುವದು. ಹಾಗಾದರೆ ಅನೇಕರ ನೋವನ್ನು ಉಳಿಸುವದಕ್ಕಾಗಿ ಕೆಲವರ ರೋಗವು ಕೆಲವು ತಿಂಗಳು ಮರೆಯಾಗಿರುವದನ್ನು ಒಪ್ಪಬಹುದೋ? ತಪ್ಪಿದ ರೋಗವು ಮೆಲ್ಲಗೆ ಬೆಳೆಯುವಂಥದ್ದಾಗಿ, ಮುಂದಿನ ನೋಟದ ದಿನವು ನಿಶ್ಚಯವಾಗಿದ್ದು, ಈ ಅಪಾಯವನ್ನು ರೋಗಿಗೆ ತಿಳಿಸಿದ್ದಾದರೆ, ಒಪ್ಪಬಹುದೆಂದು ನಾವು ಹೇಳುತ್ತೇವೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಕರುಣೆಯಲ್ಲ, ಉದಾಸೀನವು.

"ಹಳ್ಳಿಯ ರೋಗಿಗೆ ಇದೆಲ್ಲಾ ಏನು ತಿಳಿದೀತು? ವೈದ್ಯನು ತನಗೆ ತೋಚಿದ್ದನ್ನು ಮಾಡಲಿ, ಹೇಳಿದರೆ ಅವನು ಹೆದರುವನಷ್ಟೇ" ಎಂದು ಕೆಲವರು ಹೇಳುವರು. ವೈದ್ಯನಿಗಿರುವ ಜ್ಞಾನವು ರೋಗಿಗಿಲ್ಲವೆಂಬದು ನಿಜ. ಆದರೆ ಜೋಡಿ ಎತ್ತುಗಳನ್ನು ಕೊಳ್ಳುವಾಗ ಹಲ್ಲನ್ನೂ ನಡೆಯನ್ನೂ ನೋಡಿ, ನಷ್ಟ ಬಂದರೆ ತಾಳಲಾದೀತೋ ಎಂದು ತೂಗುವವನಿಗೆ, "ಈ ಪರೀಕ್ಷೆಯು ಹೆಚ್ಚಾಗಿ ನಿಜವಾಗುವದು, ಕೆಲವು ಸಾರಿ ತಪ್ಪುವದು" ಎಂಬ ಮಾತು ತಿಳಿಯದೆ ಇರದು. ಚೀಲವನ್ನು ಹೊರಬೇಕಾದವನು ಅವನೇ, ರೋಗವು ಮರಳಿದರೆ ಸಾಯಬೇಕಾದವನೂ ಅವನೇ. ವೈದ್ಯನು ತಿಳುವಳಿಕೆಯನ್ನು ಕೊಡಬೇಕು, ತನ್ನ ಆಲೋಚನೆಯನ್ನೂ ಮುಚ್ಚದೆ ಹೇಳಬೇಕು. ಆದರೆ ಕಡೆಯ ಮಾತು ರೋಗಿಯದಾಗಿರಬೇಕು. ಪರೀಕ್ಷೆಯನ್ನು ಮಾರುವವನ ಲಾಭವಾದರೋ ಈ ತಕ್ಕಡಿಯಲ್ಲಿ ಬೀಳಲೇ ಕೂಡದು.

ಈ ಜೀನ್ ಪರೀಕ್ಷೆಗಳು ಬಹಳ ಹಣದವು. ನಮ್ಮ ಹಳ್ಳಿಯ ಆಸ್ಪತ್ರೆಗಳಲ್ಲಿ ಸಿಕ್ಕುವಂಥವುಗಳಲ್ಲ. ಆದಾಗ್ಯೂ ಮೊದಲನೆಯ ಗುರುತಿಗೆ ಕಾಸೂ ಬೇಡ, ಯಂತ್ರವೂ ಬೇಡ. ಅದು ನೋವಿಲ್ಲದೆ ಮೂತ್ರದಲ್ಲಿ ಕಾಣುವ ರಕ್ತವು. ನಮ್ಮ ಜನರು ಅದನ್ನು ಉಷ್ಣವೆಂದು ಹೇಳಿ, ಎಳನೀರು ಕುಡಿದು, ಎರಡು ದಿನ ನಿಂತಿತೆಂದು ಮರೆತುಬಿಡುತ್ತಾರೆ. ಹೆಂಗಸರು ನಾಚಿಕೆಯಿಂದ ಗಂಡನಿಗೂ ಹೇಳುವದಿಲ್ಲ. ರಕ್ತವು ನಿಂತರೂ ರೋಗವು ನಿಂತಿತೆಂಬ ನಿಶ್ಚಯವಿಲ್ಲ. ಒಂದೇ ಸಾರಿ ಕಂಡರೂ ವೈದ್ಯನ ಬಳಿಗೆ ಹೋಗತಕ್ಕದ್ದು. ಅದಲ್ಲದೆ ಈ ರೋಗದ ಕಾರಣಗಳಲ್ಲಿ ಹೊಗೆಸೊಪ್ಪಿನ ಹೊಗೆಯೇ ಮುಖ್ಯವಾದದ್ದು. ಆದದರಿಂದ ಬೀಡಿ ಸಿಗರೇಟು ಸೇದುವವರು ಈಗಲೇ ಬಿಡಲಿ. ಸೇದಿ ರೋಗಿಯಾದವನನ್ನಾದರೋ ಯಾರೂ ಜರೆಯದಿರಲಿ.

ಹಂಫ್ರಿಯವರ ಸೀಸೆಯಲ್ಲಿದ್ದ ಬರಹವನ್ನು ಓದಬಲ್ಲವರು ಆ ಕಾಲದಲ್ಲಿ ಇರಲಿಲ್ಲ. ಅದು ಯಾರ ತಪ್ಪೂ ಅಲ್ಲ. ಈಗ ಓದುವದಕ್ಕೆ ಕಲಿತಿದ್ದೇವೆ. ಓದಿದ್ದನ್ನು ರೋಗಿಗೆ ಮುಚ್ಚಿಡುವದಾದರೆ, ಅಥವಾ ಅರ್ಧ ಓದಿದ್ದನ್ನು ಪೂರಾ ಓದಿದೆವೆಂದು ಕತ್ತಿಯನ್ನು ಎತ್ತುವದಾದರೆ, ಆ ತಪ್ಪು ನಮ್ಮದೇ ಆಗುವದು.